ನುಂಗಿದ ಕೆಮ್ಮು

ಹಳಿಯಾಳದ ಎಲೆ ಚನಬಸಪ್ಪನ ಮನೆಯಲ್ಲಿ ಕೆಮ್ಮಿಗೂ ಗಂಡು ಹೆಣ್ಣೆಂಬ ಭೇದವಿತ್ತು. ಎರಡನೆಯ ಮಹಾಯುದ್ಧದ ಲಡಾಯಿ ಮುಗಿದ ವರ್ಷ ದೀಪಾವಳಿಗೆ ಮಗ ಉಳವಪ್ಪ ದಾಂಡೇಲಿಯ ಕಟ್ಟಿಗೆ ಡಿಪೋದಿಂದ ಕೆಮ್ಮುತ್ತಲೇ ಬಂದ. ಕೆಮ್ಮುತ್ತಲೇ ಹೋಳಿಗೆ ತಿಂದ, ಕೆಮ್ಮುತ್ತಲೇ ಎತ್ತಿನ ಕೊಂಬಿಗೆ ಬಣ್ಣ ಬಳಿದ. ತಾಯಿ ಮಹಾದೇವಕ್ಕ ಮೆಣಸು, ಶುಂಠಿ, ಬೆಲ್ಲ ಹಾಕಿ ಕಷಾಯ ಕಾಸಿ ಕೊಟ್ಟು, "ಕಟ್ಟಿಗಿ ಪುಡಿ ಎದಿಗೆ ಇಳದೈತಿ, ದುಡಿಯೂ ಗಂಡಸು, ಪಾಪ" ಎಂದಳು. ಹಬ್ಬ ಮುಗಿಸಿ ಅವನು ಡಿಪೋಕ್ಕೆ ಮರಳಿದ. ಅವನ ಕೆಮ್ಮು ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಕಾರ್ತೀಕ ಮುಗಿಯುವ ಹೊತ್ತಿಗೆ ಸೊಸೆ ಈರಕ್ಕ ಕೆಮ್ಮತೊಡಗಿದಳು. ಮೊದಲು ತಲೆನೋವು ಎಂದಳು, ಆಮೇಲೆ ಸಂಜೆಯಾದರೆ ಮೈ ಕಾದ ಹೆಂಚು. ಕೆಮ್ಮಿದರೆ ಕಫವಿಲ್ಲ, ಒಣ ಕೆಮ್ಮು. ಹತ್ತಿತೆಂದರೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂಡಬೇಕು. ಆಕೆಗೆ ಯಾರೂ ದುಡಿಯೂ ಹೆಂಗಸು, ಪಾಪ, ಎನ್ನಲಿಲ್ಲ. ಮುಂಜಾನೆ ಎದ್ದು ಎಮ್ಮೆ ಹಿಂಡಿ, ರೊಟ್ಟಿ ಬಡಿದು, ಒಂದೂವರೆ ವರ್ಷದ ಮಗಳು ಪಾರಿಯನ್ನು ಬಗಲಲ್ಲಿ ಎತ್ತಿಕೊಂಡೇ ಎಲೆಯ ಕೋಣೆಗೆ ಹೋಗಿ ಎಲೆಕಟ್ಟಿನ ಪೆಂಡಿ ತಿರುವಿಹಾಕುತ್ತಿದ್ದವಳು ಆಕೆಯೇ.

ಎಲೆಯೆಂದರೆ ವೀಳ್ಯದೆಲೆ. ಅದೇ ಆ ಮನೆಯ ಅನ್ನ. ತೋಟದವರಿಂದ ಪೆಂಡಿ ಪೆಂಡಿ ಕೊಂಡು ತಂದು, ಒದ್ದೆ ಗೋಣಿಯಡಿ ಒಟ್ಟಿ, ದಿನಾ ಬಿಚ್ಚಿ, ಕೊಳೆತದ್ದನ್ನು ಕಿತ್ತು ಒಗೆದು, ಮತ್ತೆ ಕಟ್ಟಿ, ವಾರಕ್ಕೆರಡು ಸಲ ಚನಬಸಪ್ಪ ಧಾರವಾಡದ ಪೇಟೆಗೆ ಒಯ್ಯುತ್ತಿದ್ದ. ಎಲೆ ಬೆಚ್ಚಗಾಗಬಾರದು, ಬಾಡಬಾರದು. ಇದು ಅವನ ವೇದ. ಬೆಣ್ಣೆಗೂ ಒದ್ದೆ ಬಟ್ಟೆ, ಮಾವಿನಹಣ್ಣಿಗೂ ಒದ್ದೆ ಬಟ್ಟೆ, ತಲೆನೋವಿಗೂ ಒದ್ದೆ ಬಟ್ಟೆ. ಸತ್ತರೂ ನನ್ನನ್ನ ಒದ್ದಿ ಗೋಣ್ಯಾಗ ಸುತ್ತಿ ಒಯ್ತಾರ ಎಂದು ಮಹಾದೇವಕ್ಕ ಓಣಿಯಲ್ಲಿ ನಗುತ್ತಿದ್ದಳು.

ಒಂದು ಮುಂಜಾನೆ ಈರಕ್ಕ ಎಲೆಯ ಬುಟ್ಟಿಯ ಮೇಲೆ ಬಾಗಿದಾಗಲೇ ಕೆಮ್ಮು ಒತ್ತರಿಸಿ ಬಂತು. ಚನಬಸಪ್ಪ ಬಾಗಿಲಲ್ಲೇ ಇದ್ದ.

"ಏ ಈರವ್ವಾ! ಎಲಿ ಮ್ಯಾಲೆ ಕೆಮ್ಮತೀಯಲ್ಲ! ಮಂದಿ ಬಾಯಾಗ ಇಡೂ ಸಾಮಾನದು."

"ತಡಕೊಳ್ಳಾಕ ಆಗಲಿಲ್ರಿ ಮಾವಾ."

"ಆ ಕೆಮ್ಮು ಶುರುವಾಗಿ ಎಷ್ಟ ದಿನ ಆತು?" ಎಂದು ಆತ ಸೊಸೆಯನ್ನು ಕೇಳಲಿಲ್ಲ, ಹೆಂಡತಿಯನ್ನು ಕೇಳಿದ. ಮಹಾದೇವಕ್ಕ ಈರಕ್ಕನ ಬಗಲಿಂದ ಪಾರಿಯನ್ನು ಎತ್ತಿಕೊಂಡಳು. ಊರಿನ ಕಂಪೌಂಡರನ ಸಲ್ಫಾ ಗುಳಿಗೆ ಆಗಲೇ ನುಂಗಿಸಿ ಆಗಿತ್ತು, ಜ್ವರ ಅಲ್ಲಾಡಿರಲಿಲ್ಲ. ಇಳಿಯದ ಜ್ವರ, ನಿಲ್ಲದ ಕೆಮ್ಮು, ಸೊರಗುವ ಮೈ. ಇಂಥದ್ದಕ್ಕೆ ಕ್ಷಯವೆಂಬ ಹೆಸರನ್ನು ಆಗಿನ ಕಾಲದ ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿರಲಿಲ್ಲ.

ಮಹಾದೇವಕ್ಕನಿಗಂತೂ ಅದರ ರೀತಿನೀತಿಯೆಲ್ಲ ಬಾಯಿಪಾಠ. ತವರಿನಲ್ಲಿ ಆಕೆಯ ಅಕ್ಕನನ್ನು ಹಿತ್ತಲಲ್ಲಿ ದನದ ಮೇವು ತುಂಬುವ ಹೊಟ್ಟಿನ ಕೋಣೆಯಲ್ಲಿ ಹಾಕಿದ್ದರು. ತಾಟು ಒಯ್ದು ಹೊಸ್ತಿಲಲ್ಲಿಟ್ಟು ಕೋಲಿನಿಂದ ಒಳಗೆ ನೂಕುವ ಕೆಲಸ ಸಣ್ಣವಳಾದ ಮಹಾದೇವಕ್ಕನದಾಗಿತ್ತು. "ಮಾದೇವೀ, ಒಂದ ಚೂರು ಕುಂತು ಹೋಗ" ಎಂದು ಅಕ್ಕ ಕರೆದರೆ ಓಡಿಬರುತ್ತಿದ್ದಳು. ಅಕ್ಕ ಸತ್ತ ದಿನ ಆ ತಾಟನ್ನು ಕೆರೆಗೆ ಒಗೆದರು.

ಈಗ ತನ್ನ ಮನೆಯ ಹೊಟ್ಟಿನ ಕೋಣೆ ಗುಡಿಸಿ, ಸಗಣಿ ಸಾರಿಸಿ, ಗೋಣಿ ಹಾಸಿ, ಅಲ್ಯುಮಿನಿಯಮ್ಮಿನ ಒಂದು ಜರ್ಮನ್ ತಾಟು, ಒಂದು ಚರಿಗೆ ಇಟ್ಟಳು. "ನಾಕ ದಿನ ಇಲ್ಲೆ ಮಲಗವ್ವಾ. ಕೂಸಿನ ಸಲುವಾಗಿ" ಎಂದಳು. ಈರಕ್ಕ ಅಳಲಿಲ್ಲ. ಪಾರಿಯ ತಲೆಯ ಕುಲಾಯಿಯನ್ನು ಬಿಚ್ಚಿ ಮತ್ತೆ ನೆಟ್ಟಗೆ ಕಟ್ಟಿ, ಹಾಸಿಗೆ ಸುರುಳಿ ಬಗಲಲ್ಲಿಟ್ಟುಕೊಂಡು ಹಿತ್ತಲಿಗೆ ನಡೆದಳು.

ಮುಂದಿನ ಸಲ ಡಿಪೋದಿಂದ ಬಂದ ಉಳವಪ್ಪ ಕೈಕಾಲು ತೊಳೆಯುವ ಮೊದಲೇ ಕೇಳಿದ, "ಅವ್ವಾ, ಈರಿ ಎಲ್ಲೆ?"

"ಹೊಟ್ಟಿನ ಕೋಣ್ಯಾಗ."

"ಹೊಟ್ಟು ತರಾಕ ಹೋಗ್ಯಾಳೇನು?"

"ಅಲ್ಲೇ ಮಲಗತಾಳ."

ಉಳವಪ್ಪ ಚರಿಗೆಯನ್ನು ನೆಲಕ್ಕೆ ಕುಕ್ಕಿದ. "ಮನುಷ್ಯಾರನ್ನ ಹೊಟ್ಟಿನಾಗ ಮಲಗಸ್ತಾರೇನ ಅವ್ವಾ? ಯಾವ ಡಾಕ್ಟರು ಹೇಳಿದ್ರು ಅದ ರೋಗ ಅಂತ?"

"ಎಲಿ ಮನಿಯಾಗ ಹುಟ್ಟೀದಿ, ನಿನಗ ನಾ ಹೇಳಬೇಕೇನು? ಒಂದ ಕೊಳತ ಎಲಿ ಬಿಟ್ರ ಇಡೀ ಪೆಂಡಿ ಹೋಗತೈತಿ."

"ಈರಿ ಎಲಿ ಅಲ್ಲ!"

"ಕೂಸು ಐತಿ ಮನ್ಯಾಗ. ನಿನಗ ಹೇಂತಿ ದೊಡ್ಡಾಕಿ, ನನಗ ಕೂಸು ದೊಡ್ಡದು. ಬೈಯೂದಿದ್ರ ಬೈ, ಉಂಡು ಬೈ. ರೊಟ್ಟಿ ಆರತಾವು."

ಉಳವಪ್ಪ ಕೂಗಾಡಿದ, ಉಂಡ, ಹಿತ್ತಲಿಗೆ ಹೋದ. ಬಾಗಿಲಲ್ಲಿ ನಿಂತು ಹೆಂಡತಿಯ ಜೊತೆ ಬಹಳ ಹೊತ್ತು ಮಾತಾಡಿದ. ಒಳಗೆ ಮಾತ್ರ ಹೋಗಲಿಲ್ಲ. ಮಹಾದೇವಕ್ಕ ಅದನ್ನು ಅಡಿಗೆಮನೆಯ ಕಿಂಡಿಯಿಂದ ನೋಡಿದಳು.

ಹೊಟ್ಟಿನ ಕೋಣೆಗೆ ಹೆದರದೆ ಹೋಗುತ್ತಿದ್ದವಳು ಜುಲಿಯಾನಾ ಒಬ್ಬಳೇ. ಕಾಡಂಚಿನ ಹಳ್ಳಿಯ ಸಿದ್ದಿ ಹೆಂಗಸು; ದಿನಾ ಕಟ್ಟಿಗೆ ಹೊರೆ ತಂದು ಹಾಕಿ, ಕೊಟ್ಟಿಗೆ ಬಳಿದು, ಎರಡು ರೊಟ್ಟಿ ಕಟ್ಟಿಸಿಕೊಂಡು ಹೋಗುವವಳು. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗೆ. ಈರಕ್ಕನ ತಾಟು ಒಯ್ಯುವ ಕೆಲಸವನ್ನು ಮಹಾದೇವಕ್ಕ ಆಕೆಗೆ ಹೇಳಿದ್ದಳು. ತಾಟು ಇಟ್ಟು ಬಾ ಎಂದರೆ ಜುಲಿಯಾನಾ ಅಲ್ಲೇ ಕುಕ್ಕರಗಾಲಲ್ಲಿ ಕೂತು ತನ್ನ ಗಂಡ ಸಂತಾನನ ಪೆದ್ದುತನದ ಕತೆ ಹೇಳಿ, ಈರಕ್ಕನನ್ನು ನಗಿಸಿ, ನಗಿಸಿದ್ದಕ್ಕೆ ಆಕೆಗೆ ಕೆಮ್ಮು ಹತ್ತಿದರೆ ಬೆನ್ನು ನೀವಿ ಬರುತ್ತಿದ್ದಳು. ಆ ನಗು ಅಡಿಗೆಮನೆಗೆ ಕೇಳುತ್ತಿತ್ತು. ವಾರದಲ್ಲಿ ನಾಲ್ಕು ದಿನ ಗಂಡ ಎಲೆಯ ಹಿಂದೆ, ಮಗ ಡಿಪೋದಲ್ಲಿ. ಮಾತು ಬಾರದ ಕೂಸಿನ ಮುಂದೆ ಕೂತು ಮಹಾದೇವಕ್ಕ ರೊಟ್ಟಿ ಬಡಿಯುತ್ತಿದ್ದಳು. ಸೊಸೆ ಇದ್ದಾಗ ಜಗಳಕ್ಕಾದರೂ ಒಂದು ದನಿ ಇತ್ತಲ್ಲ ಎಂದು ಆಕೆಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಎಳ್ಳಮಾಸಿ ಹಬ್ಬಕ್ಕೆ ಇನ್ನೂ ಎರಡು ವಾರವಿದೆ ಎನ್ನುವಾಗ ಮಹಾದೇವಕ್ಕನ ಗಂಟಲಲ್ಲಿ ಕೆರೆತ ಶುರುವಾಯಿತು. ಒಲೆಯ ಹೊಗೆ ಎಂದುಕೊಂಡಳು. ಮರುದಿನ ತಲೆ ಸಿಡಿಯಿತು, ಸಂಜೆಗೆ ಮೈ ಕಾದಿತು. ಕೆಮ್ಮು ಬಂತು. ಒಣ ಕೆಮ್ಮು.

ಅಂದು ಆಕೆಯ ಜೀವ ಎಷ್ಟು ಹೆದರಿತೆಂದರೆ ಬಾಗಿಲು ಹಾಕಿಕೊಂಡು ದೇವರ ಜಗಲಿಯ ಮುಂದೆ ಕೂತುಬಿಟ್ಟಳು. ಸಾವಿನ ಹೆದರಿಕೆಯಲ್ಲ ಅದು. ಜರ್ಮನ್ ತಾಟಿನದು. ಗುಡಿಸಿದ ಕೋಣೆ ತನ್ನ ಕೈಯಿಂದಲೇ ಗುಡಿಸಿದ್ದು, ಹಾಸಿದ ಗೋಣಿ ತಾನೇ ಹಾಸಿದ್ದು. "ನನಗೂ ಕೆಮ್ಮು" ಎಂದು ಒಂದು ಮಾತು ಬಾಯಿಂದ ಬಿದ್ದರೆ ಸಾಕು, ಪಾರಿ ಓಣಿಯ ಯಾರದೋ ಬಗಲಿಗೆ ಹೋಗುತ್ತದೆ, ತಾನು ಹಿತ್ತಲಿಗೆ. ಮಾಡಿದ್ದುಣ್ಣೋ ಮಾರಾಯ ಅಂದಂತೆ.

ಅಂದಿನಿಂದ ಮಹಾದೇವಕ್ಕ ಕೆಮ್ಮು ನುಂಗುವುದನ್ನು ಕಲಿತಳು. ಬಾಯಲ್ಲಿ ಸದಾ ಒಂದು ಲವಂಗ. ಕೂಸಿಗೆ ಉಣಿಸುವಾಗ ಮುಖ ಗೋಡೆಯ ಕಡೆ. ತಡೆಯಲಾಗದಷ್ಟು ಬಂದರೆ ಹಿಟ್ಟು ಕಲಸಿಕೊಂಡು ಕೂಡುತ್ತಿದ್ದಳು. ಕಟ್ಟಿಗೆಯ ಪರಾತ, ಕೊಣಮಿಗೆಯಲ್ಲಿ ರೊಟ್ಟಿ ಬಡಿಯುವ ಟಪಟಪ ಸಪ್ಪಳದ ನಡುವೆ ಕೆಮ್ಮಿ ಮುಗಿಸುತ್ತಿದ್ದಳು. ಕೆಮ್ಮು ಹೆಚ್ಚಿದಂತೆ ರೊಟ್ಟಿಯೂ ಹೆಚ್ಚಿತು.

"ಏನಿದು? ಲಗ್ನದ ಮನಿ ಆಗೇತೇನು?" ಎಂದ ಚನಬಸಪ್ಪ, ಬುಟ್ಟಿ ತುಂಬಿದ ರೊಟ್ಟಿ ನೋಡಿ. "ರೇಶನ್ನಿನ ಕಾಲ, ಯಾರ ತಿನ್ನಬೇಕು ಇಷ್ಟು?"

"ಎಳ್ಳಮಾಸಿಗೆ ಸಜ್ಜಿ ರೊಟ್ಟಿ ಬ್ಯಾಡೇನು? ಒಣಗಿದ್ರ ಕೆಡೂದಿಲ್ಲ."

"ಎಳ್ಳಮಾಸಿ ಇನ್ನೂ ದೂರ ಐತಿ."

"ನಿಮಗೇನ್ರಿ, ಕುಂತು ತಿನ್ನೂ ಮಂದಿ. ಮಾಡೂ ಕೈ ನಂದು" ಎಂದು ಒಂದು ಹಿಡಿ ಹಿಟ್ಟು ತೆಗೆದು ಮತ್ತೆ ಬಡಿದಳು.

ಚನಬಸಪ್ಪ ಮೋಸಹೋದ, ಜುಲಿಯಾನಾ ಹೋಗಲಿಲ್ಲ. ಕಟ್ಟಿಗೆ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅಡಿಗೆಮನೆಯ ಬಾಗಿಲಿಗೆ ಬಂದಳು. "ಅಕ್ಕಾರ, ನಿಮಗೂ ಹತ್ತೇತಲ್ಲ?"

"ಏನು?"

"ಈರಕ್ಕನ ಕೆಮ್ಮು. ಅದ ಸಪ್ಪಳ. ಒಳಗೊಂದು, ಹಿತ್ತಲಾಗೊಂದು."

"ಬಾಯಿ ಮುಚ್ಚು ಜುಲಿಯಾನಾ! ಹೊಗಿ ಅದು. ನೀ ತಂದ ಹಸೀ ಕಟ್ಟಿಗಿ ಹೊಗಿ."

ಜುಲಿಯಾನಾ ನಕ್ಕಳು, ಆದರೆ ಅರ್ಧಕ್ಕೇ ನಿಲ್ಲಿಸಿದಳು. "ನನ್ನ ಕಟ್ಟಿಗಿ ಒಣಗಿದ್ದ ಅದಾವ ಅಕ್ಕಾರ. ಆತು ಬಿಡ್ರಿ, ಹೊಗಿ" ಎಂದು ತಾಟು ತೆಗೆದುಕೊಂಡು ಹಿತ್ತಲಿಗೆ ಹೋದಳು. ಮಹಾದೇವಕ್ಕ ಅಂದು ಆಕೆಗೆ ಎರಡರ ಬದಲು ಆರು ರೊಟ್ಟಿ ಕಟ್ಟಿದಳು.

ಸಂತೆಯ ದಿನ ಧಾರವಾಡದಿಂದ ಕಿತ್ತೂರ ಡಾಕ್ಟರು ಹಳಿಯಾಳಕ್ಕೆ ಬರುತ್ತಿದ್ದರು. ಲಡಾಯಿಯಲ್ಲಿ ಸೋಲ್ಜರುಗಳ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದ ಮನುಷ್ಯ. ಮೀಸೆ ದಪ್ಪ, ತಾಳ್ಮೆ ತೆಳ್ಳಗೆ. ಉಳವಪ್ಪ ಹಟಹಿಡಿದು ಅವರನ್ನು ಮನೆಗೆ ಕರೆತಂದ. ಅವರು ಹೊಟ್ಟಿನ ಕೋಣೆ ನೋಡಿ ಹುಬ್ಬು ಗಂಟಿಕ್ಕಿದರು. ಹಿಂದಿನ ವಾರ ಕಂಪೌಂಡರ ಹೇಗೋ ಕೆಮ್ಮಿಸಿ ತೆಗೆದು ಅವರಿಗೆ ಕಳಿಸಿದ್ದ ಚೂರು ಕಫದಲ್ಲಿ ಕ್ಷಯದ ಹುಳ ಕಂಡಿರಲಿಲ್ಲ. ಈರಕ್ಕನನ್ನು ಅಂಗಳದ ಬಿಸಿಲಿಗೆ ಕೂರಿಸಿ ಎದೆ ಬೆನ್ನು ಬಡಿದು ನೋಡಿದರು, ನಳಿಕೆ ಇಟ್ಟು ಕೇಳಿದರು, ಮತ್ತೆ ಕೇಳಿದರು.

"ಕೆಮ್ಮು ಆನಿಯಷ್ಟು, ಎದ್ಯಾಗ ಸಪ್ಪಳ ಇಲಿಯಷ್ಟು. ವಿಚಿತ್ರ ಐತಿ."

"ಅದ ಏನ್ರಿ ಸಾಹೇಬ್ರ? ಹೇಳಿಬಿಡ್ರಿ" ಎಂದ ಚನಬಸಪ್ಪ.

"ಒಂದ ಸಲ ಹುಳ ಕಾಣಲಿಲ್ಲ ಅಂದ್ರ ಇಲ್ಲ ಅಂತಲ್ಲ. ಇರಬಹುದು, ಇರಲಿಕ್ಕಿಲ್ಲ. ಸುಮ್ಮನ ಹೆಸರು ಇಡೂದಿಲ್ಲ ನಾ." ಅವರು ಒಬ್ಬೊಬ್ಬರ ಮುಖವನ್ನೂ ನೋಡಿದರು. "ಮನ್ಯಾಗ ಇನ್ನ ಯಾರಿಗರ ಕೆಮ್ಮು ಐತೇನು? ನೆನಪು ಮಾಡಿಕೊಂಡು ಹೇಳ್ರಿ. ಅದರ ಮ್ಯಾಲೆ ಭಾಳ ನಿಂತೈತಿ."

ಮಹಾದೇವಕ್ಕನ ದವಡೆಯಲ್ಲಿ ಲವಂಗವಿತ್ತು. ಬಗಲಲ್ಲಿ ಪಾರಿ ಇತ್ತು. ಎದೆಯೊಳಗೆ ಕೆಮ್ಮು ಹೆಡೆಯೆತ್ತಿ ಕೂತಿತ್ತು.

"ಇಲ್ರಿ ಸಾಹೇಬ್ರ. ಯಾರಿಗೂ ಇಲ್ಲ."

ಕೊಟ್ಟಿಗೆ ಬಳಿಯುತ್ತಿದ್ದ ಜುಲಿಯಾನಾಳ ಕೈ ನಿಂತಿತು. ಆಕೆ ತಲೆಯೆತ್ತಿ ನೋಡಿ, ಮತ್ತೆ ಬಗ್ಗಿ ಬಳಿದಳು.

ಕಾಡಿನ ಸೀಮೆ, ಚಳಿಜ್ವರವೂ ಇರಬಹುದು. ಅದನ್ನು ನೋಡಲು ಜ್ವರ ಏರಿದ ಹೊತ್ತಿನಲ್ಲಿ ತೆಗೆದ ರಕ್ತವೇ ಬೇಕು ಎಂದರು ಡಾಕ್ಟರು. ಹೆಪ್ಪುಗಟ್ಟದ ಹಾಗೆ ಔಷಧ ಹಾಕಿದ ಪುಟ್ಟ ಬಾಟಲಿಯೊಂದನ್ನು ಕಂಪೌಂಡರನ ಕೈಗೆ ಕೊಟ್ಟರು. "ಸಂಜಿಗೆ ಇಂವ ರಕ್ತ ತಗೀತಾನ. ನೀವು ಎಲಿ ಒಯ್ಯೂವಾಗ ಧಾರವಾಡಕ್ಕ ತಂದು ಮುಟ್ಟಸ್ರಿ ಚನಬಸಪ್ಪ. ಕೆಡಸಬ್ಯಾಡ್ರಿ, ಜ್ವಾಕಿ" ಎಂದು ಹೇಳಿ ಹೋದರು.

ಕೆಡಿಸಬೇಡಿ ಎಂಬ ಮಾತನ್ನು ಚನಬಸಪ್ಪನಷ್ಟು ಮನಸ್ಸಿಗೆ ಹಚ್ಚಿಕೊಳ್ಳುವವರು ಹಳಿಯಾಳ ಪೇಟೆಯಲ್ಲಿ ಮತ್ತೊಬ್ಬರಿರಲಿಲ್ಲ.

ಎರಡು ದಿನ ಬಿಟ್ಟು ಅವನು ಧಾರವಾಡದಿಂದ ತಿರುಗಿ ಬಂದಾಗ ಪೆಟ್ರೋಲಿಲ್ಲದೆ ಇದ್ದಲಿ ಗ್ಯಾಸಿನಿಂದ ಓಡುವ ಬಸ್ಸಿನ ಮಸಿ ಮುಖಕ್ಕೆಲ್ಲ ಮೆತ್ತಿತ್ತು. ಉಳವಪ್ಪ ರಜೆ ಹಾಕಿ ಮನೆಯಲ್ಲೇ ಇದ್ದ. ತಂದೆ ಮಗ ಊಟಕ್ಕೆ ಕೂತರು. ಚನಬಸಪ್ಪ ಮೊದಲ ತುತ್ತಿಗೇ ಶುರು ಮಾಡಿದ.

"ಮಾನ ಹೋಗೂದಿತ್ತು ಇವತ್ತ. ಡಾಕ್ಟರು ಬಾಟ್ಲಿ ತಗದು ನೋಡ್ತಾರ, ರಕ್ತ ಒಡದ ಹಾಲಿನಂಗ ಗಂಟು ಗಂಟು! 'ಏನ್ ಮಾಡೀರಿ ಇದನ್ನ?' ಅಂತ ಮ್ಯಾಲೆ ಬಂದ್ರು."

"ನೀವೇನ ಮಾಡಿದ್ರಿ?" ಎಂದಳು ಮಹಾದೇವಕ್ಕ.

"ಎಲಿಗೆ ಮಾಡೂದನ್ನ ಮಾಡೀನ್ರಿ ಅಂದೆ. ಒದ್ದಿ ಅರಬಿ ಸುತ್ತಿ ಪೆಂಡಿ ನಡುವ ಇಟ್ಟೆ. ರಾತ್ರಿ ಅಂಗಳದ ಥಂಡ್ಯಾಗ ಇಟ್ಟೆ. ದಾರ್ಯಾಗ ಬಸ್ ನಿಂತಲ್ಲೆಲ್ಲಾ ನೀರು ಹೊಡದೆ. ರಕ್ತ ಬೆಚ್ಚಗಾಗಿ ಕೆಡಬಾರದಲ್ರಿ?"

ಉಳವಪ್ಪ ತಲೆ ಚಚ್ಚಿಕೊಂಡ. "ಅಪ್ಪಾ, ರಕ್ತ ಏನ ಎಲಿಯೇನು?"

"ಕೇಳ ಮುಂದ. ಚೆಲ್ಲಾಕಂತ ಕೈಯಾಗ ಹಿಡಕೊಂಡು ನನಗ ಬೈಯಾಕ ಹತ್ತಿದ್ರು. ಬೈದು ಬೈದು ದಣದು ಕೈ ನೋಡ್ತಾರ, ಗಂಟೆಲ್ಲಾ ಕರಗಿ ನೆಟ್ಟಗಾಗೇತಿ! ಬಾಯಿ ಮುಚ್ಚಿದ್ರು. ಮತ್ತ ತಣ್ಣೀರಾಗ ಇಟ್ರು, ಮತ್ತ ಗಂಟು. ಮತ್ತ ಮುಷ್ಟ್ಯಾಗ ಹಿಡದ್ರು, ಮತ್ತ ನೀರು. ಸಣ್ಣ ಹುಡುಗರಂಗ ಆಡಾಕ ಹತ್ತಿದ್ರು ಮಾರಾಯ, ಹೊರಗ ಪೇಶಂಟ್ ಕುಂತಾರ ಅನ್ನೂದೂ ಮರ್ತು."

"ಅಂದ್ರ?"

"ಅಂದ್ರ, ಲಡಾಯಿ ಒಳಗ ಸೋಲ್ಜರುಗಳಿಗೆ ಒಂದು ಬ್ಯಾರೆ ಥರದ ನ್ಯುಮೋನಿಯಾ ಬರತಿತ್ತಂತ. ಸಲ್ಫಾ ಗುಳಿಗಿಗೆ ಬಗ್ಗೂದಿಲ್ಲ, ಎದ್ಯಾಗ ಸಪ್ಪಳ ಇಲ್ಲ, ಒಣಾ ಕೆಮ್ಮು. ಅಂಥವರ ರಕ್ತ ಥಂಡಿಗೆ ಹಿಂಗ ಗಂಟು ಕಟ್ಟಿ ಬೆಚ್ಚಗಾದ್ರ ಬಿಡತೈತಂತ. ಚಳಿಜ್ವರದ ಹುಳಾ ಇಲ್ಲ ಅಂದ್ರು. ಕ್ಷಯ ಅಲ್ಲದನ ಇರಬಹುದು ಅಂದ್ರು."

ಉಳವಪ್ಪ ಅರ್ಧ ಎದ್ದುನಿಂತ. ಮಹಾದೇವಕ್ಕ ಸಾರಿನ ಸೌಟು ಹಿಡಿದು ಹಾಗೇ ಇದ್ದಳು.

"ಕುಂದರು. 'ಇರಬಹುದು' ಅಂದಾರ, 'ಹೌದು' ಅಂದಿಲ್ಲ. ರಕ್ತ ಹಂಗ ಆಗಾಕ ಬ್ಯಾರೆ ಕಾರಣಾನೂ ಇರತಾವಂತ. ಆ ರೋಗ ಮನಿ ಹೊಕ್ಕಿದ್ರ ಒಬ್ಬರ ಮ್ಯಾಲೆ ನಿಲ್ಲೂದಿಲ್ಲ. ಎರಡ ಮೂರ ವಾರಕ್ಕ ಒಬ್ಬರನ್ನ ಹಿಡೀತೈತಂತ. ಎರಡನೇದವರ ರಕ್ತಾನೂ ಹಂಗ ಆದ್ರ ಎದಿ ತಟ್ಟಿ ಹೇಳ್ತೇನಿ ಅಂದ್ರು. ಯಾರರ ಕೆಮ್ಮತಾರೇನು ಅಂತ ಮತ್ತ ಕೇಳಿದ್ರು. ನಮ್ಮ ಮನ್ಯಾಗ ಯಾರೂ ಕೆಮ್ಮೂದಿಲ್ರಿ ಅಂದೆ."

ಡಾಕ್ಟರು ಹೇಳಿದ್ದು ಸರಿಯಾಗಿತ್ತು. ಆ ರೋಗದ ಹುಳವನ್ನು ಆಗ ಯಾರೂ ಕಣ್ಣಾರೆ ಗುರುತಿಸಿರಲಿಲ್ಲ. ಮೈಕೊಪ್ಲಾಸ್ಮಾ ಎಂದು ಅದಕ್ಕೊಂದು ಹೆಸರು ಕಟ್ಟುವ ಹೊತ್ತಿಗೆ ಪಾರಿಗೇ ಮಕ್ಕಳಾಗಿದ್ದವು. ಅಂದಿನ ಮಟ್ಟಿಗೆ ಇದ್ದದ್ದು ಒಂದು ಬಾಟಲಿ, ಒಂದು ಬೆಚ್ಚನೆಯ ಅಂಗೈ, ಮತ್ತು ಮನೆಯವರ ಬಾಯಿಂದ ಬರಬೇಕಾದ ಒಂದು ಸತ್ಯ.

"ನನಗ ಕೆಮ್ಮು ಇತ್ತಲ್ಲ ದೀಪಾವಳಿಗೆ!" ಎಂದ ಉಳವಪ್ಪ.

"ಅದು ಕಟ್ಟಿಗಿ ಪುಡಿ" ಎಂದರು ತಂದೆ ತಾಯಿ ಒಂದೇ ಉಸಿರಿಗೆ.

ಚನಬಸಪ್ಪ ಕೈ ತೊಳೆದು ಮೆಲ್ಲಗೆ ಹೇಳಿದ, "ಇರಬಹುದು, ಇರಲಿಕ್ಕಿಲ್ಲ ಅನ್ಕೋತ ಎಷ್ಟ ದಿನ ಹೊಟ್ಟಿನ ಕೋಣಿ? ಓಣ್ಯಾಗ ಗುಸುಗುಸು ಶುರು ಆಗೇತಿ. ನಮ್ಮ ಎಲಿ ಯಾರ ತಿಂತಾರ? ಆಕಿ ತವರು ಪಾಳಾಕ್ಕ ಹೇಳಿ ಕಳಿಸೀನಿ. ಈರವ್ವನ ಅಣ್ಣ ಕರಿಬಸಪ್ಪ ಸಂತಿ ದಿನ ಚಕ್ಕಡಿ ತರ್ತಾನ."

"ಕೂಸು?" ಎಂದ ಉಳವಪ್ಪ.

"ಕೂಸು ನಮ್ಮದು. ತಾಯಿ ಉಸುರು ತಾಗಬಾರದು. ಮುಂದ ನಿನಗೂ ಬ್ಯಾರೆ ವಿಚಾರ ಮಾಡಬೇಕಾಗತೈತಿ, ವಯಸ್ಸೇನ ಆಗೇತಿ ನಿನಗ."

ಉಳವಪ್ಪ ತಾಟನ್ನು ಕಾಲಿಂದ ಸರಿಸಿ ಎದ್ದುಹೋದ. ಮಹಾದೇವಕ್ಕ ಅದನ್ನೆತ್ತಿಕೊಂಡು ಬಚ್ಚಲಿಗೆ ಹೋಗಿ, ನೀರು ಸುರಿಯುವ ಸಪ್ಪಳದಲ್ಲಿ ಕೆಮ್ಮಿದಳು. ಕೆಮ್ಮಿ ಕೆಮ್ಮಿ ಕಣ್ಣೀರು ಬಂತು. ಅದು ಕೆಮ್ಮಿನದೋ ಅಳುವಿನದೋ ಆಕೆಗೇ ತಿಳಿಯಲಿಲ್ಲ.

ಎಳ್ಳಮಾಸಿ ಬಂತು. ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದರು. ಎಣ್ಣೆಗಾಯಿ, ಪುಂಡಿಪಲ್ಯ, ಕಡುಬು ಎ‍ಲ್ಲವನ್ನೂ ಜರ್ಮನ್ ತಾಟಿಗೆ ಬಡಿಸಿ ಅಂದು ಮಹಾದೇವಕ್ಕ ತಾನೇ ಒಯ್ದಳು. ಹೊಸ್ತಿಲಲ್ಲಿಟ್ಟಳು. ಕೋಲು ಹುಡುಕಲಿಲ್ಲ, ಆದರೆ ಒಳಗೂ ಹೋಗಲಿಲ್ಲ.

"ಅತ್ತೀ," ಎಂದಳು ಈರಕ್ಕ ಕತ್ತಲೊಳಗಿಂದ, "ಪಾರಿ ಉಂಡಳೇನ್ರಿ?"

"ಉಂಡಾಳವ್ವ. ಕಡಬಿನ ಹೂರಣ ಅಷ್ಟ ತಿಂದಳು."

"ಒಂದ ಚೂರು ಕುಂದರ್ರಿ. ದೂರನ ಕುಂದರ್ರಿ."

ಅಕ್ಕ ಹೇಳಿದ್ದ ಅದೇ ಮಾತು. ಮಹಾದೇವಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಕೂತರೆ ಕೆಮ್ಮು ಹತ್ತುತ್ತದೆ, ಕೆಮ್ಮಿದರೆ ಸಿಕ್ಕಿಬೀಳುತ್ತೇನೆ. "ಒಲಿ ಮ್ಯಾಲೆ ಹಾಲು ಐತಿ" ಎಂದು ಸುಳ್ಳು ಹೇಳಿ ಈ ಸಲವೂ ಓಡಿಬಂದಳು.

ಸಂತೆಯ ದಿನ ಮುಂಜಾನೆಯೇ ಪಾಳಾದ ಚಕ್ಕಡಿ ಬಂದು ಬೇವಿನಗಿಡದ ಕೆಳಗೆ ನಿಂತಿತು. ಕರಿಬಸಪ್ಪ ನೀರು ಕುಡಿಯಲೂ ಒಳಗೆ ಬರಲಿಲ್ಲ. "ನಮ್ಮ ಹುಡಿಗಿ ಎಲ್ಲದಾಳ?" ಎಂದಷ್ಟೇ ಕೇಳಿದ. ಬಿಸಿಲೇರುವಾಗ ಕಿತ್ತೂರ ಡಾಕ್ಟರೂ ಬಂದರು, ಬಗಲಲ್ಲಿ ಒಂದು ಥರ್ಮಾಸು. ಅದರ ತುಂಬ ಬರ್ಫ, ಮಂಜುಗಡ್ಡೆ. ಈರಕ್ಕನ ರಕ್ತವನ್ನು ಎಲ್ಲರ ಕಣ್ಣೆದುರಿಗೇ ಇನ್ನೊಮ್ಮೆ ನೋಡಬೇಕೆಂದು ತಂದಿದ್ದರು. ನೋಡಿದರು, ಅದು ಮತ್ತೆ ಗಂಟು ಕಟ್ಟಿತು, ಮತ್ತೆ ಕರಗಿತು. ಉಳವಪ್ಪ ತೋಳು ಚಾಚಿದ. ಅವನ ರಕ್ತ ಬರ್ಫದಲ್ಲಿ ಎಷ್ಟು ಹೊತ್ತಿಟ್ಟರೂ ನೀರಾಗಿಯೇ ಉಳಿಯಿತು.

"ನಿಮಗ ಬಂದು ಹೋಗಿ ಭಾಳ ದಿನ ಆತು. ಗುರುತು ಅಳಿಸಿರಬಹುದು. ಇದರ ಮ್ಯಾಲೆ ನಾ ಏನೂ ಹೇಳೂದಿಲ್ಲ" ಎಂದು ಡಾಕ್ಟರು ಸಾಮಾನು ಕಟ್ಟತೊಡಗಿದರು.

ಈರಕ್ಕ ಹಾಸಿಗೆ ಸುರುಳಿ ಎತ್ತಿಕೊಂಡು ಹೊರಬಂದಳು. ಬಿಸಿಲಿಗೆ ಕಣ್ಣು ಕಿರಿದಾದವು. ಚಕ್ಕಡಿಯ ತನಕ ಹೋಗಿ ತಿರುಗಿ ನಿಂತಳು. ಸೆರಗನ್ನು ಎರಡು ಮಡಿಕೆ ಮಾಡಿ ಮೂಗು ಬಾಯಿ ಬಿಗಿಯಾಗಿ ಮುಚ್ಚಿಕೊಂಡಳು.

"ಅತ್ತೀ, ಪಾರೀನ ಒಮ್ಮೆ ಎತ್ತಿ ತೋರಸ್ರಿ. ಹತ್ತರ ತರಬ್ಯಾಡ್ರಿ. ನನ್ನ ಉಸುರು ತಾಗೀತು. ಅಲ್ಲಿಂದನ ತೋರಸ್ರಿ."

ಪಾರಿ ಅಜ್ಜಿಯ ಬಗಲಲ್ಲಿತ್ತು. ಅಜ್ಜಿಯ ಕೆನ್ನೆಗೆ ತನ್ನ ಕೆನ್ನೆ ಒತ್ತಿಕೊಂಡಿತ್ತು. ಆ ಕೂಸಿನ ಮುಖದ ಮೇಲೆ ಇಷ್ಟು ದಿನ ಯಾರ ಉಸಿರು ಬಿದ್ದಿದೆಯೆಂದು ಮಹಾದೇವಕ್ಕನಿಗೊಬ್ಬಳಿಗೇ ಗೊತ್ತಿತ್ತು. ಹೆತ್ತವಳು ದೂರ ನಿಂತು ಬಾಯಿ ಮುಚ್ಚಿಕೊಂಡಿದ್ದಳು. ಮಹಾದೇವಕ್ಕ ಲವಂಗವನ್ನು ನೆಲಕ್ಕೆ ಉಗುಳಿದಳು. ಕೂಸನ್ನು ಜುಲಿಯಾನಾಳ ಕೈಗೆ ಕೊಟ್ಟಳು. ಆಮೇಲೆ ತಡೆಯಲಿಲ್ಲ.

ಅದೆಂಥ ಕೆಮ್ಮು! ಗೋಡೆ ಹಿಡಿದು, ಕಟ್ಟೆ ಹಿಡಿದು, ಕೊನೆಗೆ ನೆಲಕ್ಕೆ ಕೂತು, ವಾರಗಳಿಂದ ನುಂಗಿದ್ದನ್ನೆಲ್ಲ ಒಮ್ಮೆಗೇ ಕೆಮ್ಮಿದಳು. ಚಕ್ಕಡಿಯ ಎತ್ತು ಬೆದರಿ ಕೊರಳ ಗಂಟೆ ಅಲ್ಲಾಡಿಸಿತು.

"ನನ್ನ ರಕ್ತ ತಗೋರಿ ಸಾಹೇಬ್ರ," ಎಂದಳು ಉಸಿರು ಸಿಕ್ಕಾಗ. "ನನಗೂ ಐತಿ. ಆಕಿದ ಕೆಮ್ಮು."

ಡಾಕ್ಟರು ಸಿಟ್ಟಿನಿಂದ ಕೆಂಪಾದರು, ಆದರೆ ಅವರ ಕೈ ಆಕೆಯ ತೋಳಿನ ನರ ಹುಡುಕುತ್ತಿತ್ತು. ಬಾಟಲಿ ಬರ್ಫದೊಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ತೆಗೆದು ಓರೆ ಮಾಡಿ ತೋರಿಸಿದರು. ಒಡೆದ ಹಾಲಿನಂತೆ ಗಂಟು ಗಂಟು. ಅದನ್ನು ಮಹಾದೇವಕ್ಕನ ಮುಷ್ಟಿಯಲ್ಲೇ ಇಟ್ಟು ಮುಚ್ಚಿದರು. ಜ್ವರದ ಕೈ ಬೆಚ್ಚಗಿತ್ತು. ಬಿಡಿಸಿ ನೋಡಿದಾಗ ರಕ್ತ ತಿಳಿಯಾಗಿ ಹರಿದಾಡುತ್ತಿತ್ತು.

"ಕ್ಷಯ ಅಲ್ಲ," ಎಂದರು ಡಾಕ್ಟರು. "ಇಬ್ಬರಿಗೂ ಒಂದ ರೋಗ. ಡಿಪೋದಿಂದ ಉಳವಪ್ಪ ತಂದಿದ್ದು. ಇದಕ್ಕ ಗುಳಿಗಿ ಇಲ್ಲ. ಬೆಚ್ಚಗ ಮಲಗ್ರಿ, ಉಣ್ರಿ. ತಾನ ಬಂದೈತಿ, ತಾನ ಹೋಗತೈತಿ."

"ಕೂಸನ್ನ ಮುಟ್ಟಬಹುದೇನ್ರಿ?" ಎಂದಳು ಈರಕ್ಕ. ಬಾಯಿಂದ ಸೆರಗು ಇನ್ನೂ ಸರಿದಿರಲಿಲ್ಲ.

"ನಿಮ್ಮದು ಇಳಿಯಾಕ ಹತ್ತೇತಿ. ಮುಟ್ರಿ. ಇವರದು ಈಗ ಜೋರೈತಿ. ಕೆಲವು ದಿನ ಇವರ ಕೂಸಿನಿಂದ ದೂರ ಇದ್ರ ಛಲೋ."

ಜುಲಿಯಾನಾ ಕೂಸನ್ನು ತಾಯಿಯ ಬಗಲಿಗೆ ಕೊಟ್ಟಳು. ಪಾರಿ ಮೊದಲು ಮುಖ ತಿರುಗಿಸಿ ಅಜ್ಜಿಯ ಕಡೆ ಕೈ ಚಾಚಿ ಅತ್ತಿತು. ಈರಕ್ಕ ಅದರ ಕುಲಾಯಿ ಬಿಚ್ಚಿ ಮತ್ತೆ ಕಟ್ಟಿದ ಮೇಲೆ ಸುಮ್ಮನಾಯಿತು. ಆಗ ಈರಕ್ಕ ಅತ್ತೆಯ ಮುಂದೆ ಬಂದು ನಿಂತಳು.

"ಮೊದಲ ಸಲ ಡಾಕ್ಟರು ಕೇಳಿದಾಗ ನಿಮಗ ಕೆಮ್ಮು ಇತ್ತೇನ್ರಿ ಅತ್ತೀ?"

ಇಲ್ಲ ಎಂದಿದ್ದರೆ ನಡೆಯುತ್ತಿತ್ತು. "ಇತ್ತವ್ವ" ಎಂದಳು ಮಹಾದೇವಕ್ಕ.

ಈರಕ್ಕ ಜಗಳ ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. ಹೊಟ್ಟಿನ ಕೋಣೆಗೆ ಹೋಗಿ ಜರ್ಮನ್ ತಾಟು ತಂದು, ಬೂದಿ ಹಚ್ಚಿ ತಿಕ್ಕಿ ತೊಳೆದು, ಅಡಿಗೆಮನೆಯ ಗೋಡೆಗೆ ಆನಿಸಿಟ್ಟಳು. "ಪಾಳಾಕ್ಕ ಹೋಗಿ ಬರ್ತೇವ್ರಿ. ನಿಮ್ಮ ಕೆಮ್ಮು ನಿಂತ ಮ್ಯಾಲೆ ಹೇಳಿ ಕಳಸ್ರಿ, ವಿಚಾರ ಮಾಡ್ತೇನಿ" ಎಂದಳು. ಉಳವಪ್ಪ ಯಾರನ್ನೂ ಕೇಳದೆ ಚಕ್ಕಡಿ ಹತ್ತಿದ. ಎತ್ತುಗಳು ಓಣಿಯ ತಿರುವು ದಾಟುವತನಕ ಪಾರಿಯ ಕೆಂಪು ಕುಲಾಯಿ ಕಾಣುತ್ತಿತ್ತು.

ಸಂಜೆ ಚನಬಸಪ್ಪ ತನ್ನ ಹಾಸಿಗೆಯನ್ನು ಪಡಸಾಲೆಗೆ ಎಳೆದುಕೊಂಡ. "ಕ್ಷಯ ಅಲ್ಲ ಅಂದ್ರು ಖರೆ. ಆದ್ರೂ ಎಲಿ ಮುಟ್ಟೂ ಕೈ ನಂದು" ಎಂದು ಹೆಂಡತಿಯ ಮುಖ ನೋಡದೆ ಹೇಳಿದ. ಆತ ಬೆಳಗ್ಗಿನ ರೊಟ್ಟಿಯನ್ನೇ ಮೊಸರಲ್ಲಿ ಕಲಸಿ ಅಲ್ಲೇ ಉಂಡು ಮಲಗಿದ. ಜುಲಿಯಾನಾ ಎಂದೋ ಹೋಗಿದ್ದಳು.

ಮಹಾದೇವಕ್ಕ ಜರ್ಮನ್ ತಾಟಿಗೆ ಒಂದು ರೊಟ್ಟಿ, ಚೂರು ಪಲ್ಯ ಹಾಕಿಕೊಂಡು ಆರಿದ ಒಲೆಯ ಮುಂದೆ ಕೂತಳು. ಎರಡನೆಯ ತುತ್ತಿಗೆ ಕೆಮ್ಮು ಬಂತು. ರೂಢಿಯಂತೆ ಕೈ ಹಿಟ್ಟಿನ ಡಬ್ಬಿಯ ಕಡೆ ಹೋಯಿತು. ಅರ್ಧಕ್ಕೇ ನಿಂತಿತು. ಇನ್ನು ಯಾರಿಂದ ಬಚ್ಚಿಡಬೇಕಿತ್ತು? ಸೆರಗನ್ನೂ ಅಡ್ಡ ಹಿಡಿಯದೆ ಗಂಟಲು ಬಿಟ್ಟು ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಹಿತ್ತಲ ಕಡೆ ಕಿವಿಗೊಟ್ಟು ಕೂತಳು. ಅಲ್ಲಿಂದ ಇನ್ನೊಂದು ಕೆಮ್ಮು ಬರಲಿಲ್ಲ.